ಮೇಲ್ಮಹಡಿಯ ಮನೆ, ಏಪ್ರಿಲ್ ಬಿಸಿಲು: ಎಸಿ ಕೊಳ್ಳುವ ಮೊದಲು ಏನು ಮಾಡಬಹುದು?

ಜೇವರ್ಗಿ ರಸ್ತೆ:
ಕಲಬುರಗಿಯ ನಮ್ಮ ಸ್ವಂತ ಮನೆಯ ಮೇಲ್ಮಹಡಿಯಲ್ಲಿ ನಾವು ನಾಲ್ವರು ವಾಸವಾಗಿದ್ದೇವೆ. ನೆತ್ತಿಯ ಮೇಲೆ ನೇರವಾಗಿ ಆರ್‌ಸಿಸಿ ತಾರಸಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುವುದರಿಂದ, ಬಿಸಿಲು ಅತ್ಯಂತ ಉಗ್ರವಾಗಿರುವ ಹೊತ್ತನ್ನು ನಾನು ಮನೆಯಲ್ಲೇ ಕಳೆಯಬೇಕಾಗುತ್ತದೆ. ರಾತ್ರಿ ಹನ್ನೊಂದು ಗಂಟೆಗೆ ಮಂಚದ ಮೇಲೆ ನಿಂತು ಸೀಲಿಂಗಿಗೆ ಅಂಗೈ ಇಟ್ಟರೂ ಬಿಸಿ ತಗಲುತ್ತದೆ. ತಿಂಗಳಿಗೆ ಸುಮಾರು 110 ಯೂನಿಟ್ ಬಳಸುತ್ತಿರುವುದರಿಂದ ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುತ್ತಿದೆ. ಈಗ ಮನೆಯವರು 1.5 ಟನ್ನಿನ ಎಸಿ ತರೋಣವೆಂದು ಪಟ್ಟು ಹಿಡಿದಿದ್ದಾರೆ. ಅದಕ್ಕಿಂತ ಅಗ್ಗದಲ್ಲಿ ಮನೆಯನ್ನು ತಂಪಾಗಿಡುವ ಮಾರ್ಗವಿದೆಯೇ, ಅಥವಾ ಅದು ಕೇವಲ ಸಮಾಧಾನದ ಮಾತೇ ಎಂಬುದನ್ನು ಬಲ್ಲವರು ತಿಳಿಸಬೇಕು.

ತುಂಗಭದ್ರೆಯ ದಂಡೆ:
ನಿಮ್ಮ ಊರಿನ ಹವೆಗೆ ಕೂಲರ್ ಸಾಕು. ಏಪ್ರಿಲ್ ಮಧ್ಯಾಹ್ನ ಹೊರಗೆ 42 ಡಿಗ್ರಿ ತಾಪವೂ ಶೇಕಡಾ 20ರಷ್ಟು ತೇವಾಂಶವೂ ಇದೆಯೆಂದು ಇಟ್ಟುಕೊಳ್ಳಿ. ಅಂಥ ಗಾಳಿಯನ್ನು ಒದ್ದೆ ಪ್ಯಾಡಿನ ಮೂಲಕ ಹಾಯಿಸಿದರೆ ಅದು ತಾತ್ವಿಕವಾಗಿ 24 ಡಿಗ್ರಿಯವರೆಗೆ ಇಳಿಯಬಲ್ಲದು. ಒಳ್ಳೆಯ ಪ್ಯಾಡ್ ಇರುವ ಕೂಲರಿನಿಂದ 28ರ ಆಸುಪಾಸಿನ ಗಾಳಿಯಂತೂ ಸಿಗುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಗಾಳಿಯಿಂದ ಹೀರಿಕೊಳ್ಳುವ ಶಾಖ ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮ. ಗಂಟೆಗೆ ಐದು ಲೀಟರ್ ಆವಿಯಾದರೆ ಹೆಚ್ಚುಕಡಿಮೆ ಒಂದು ಟನ್ನಿನ ಎಸಿಯಷ್ಟು ಶಾಖವನ್ನು ತೆಗೆದಂತಾಯಿತು, ಕೂಲರ್ ಮಾತ್ರ 200 ವ್ಯಾಟಿನಷ್ಟೇ ವಿದ್ಯುತ್ ತಿನ್ನುತ್ತದೆ.

ಆದರೆ ನಮ್ಮಲ್ಲಿ ಬಹಳಷ್ಟು ಜನ ಕೂಲರನ್ನು ಕೋಣೆಯ ನಡುವೆ ಇಟ್ಟು, ಬಾಗಿಲು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ, ಅರ್ಧ ಗಂಟೆಯಲ್ಲೇ ಜಿಗುಟು ಹತ್ತಿತೆಂದು ಬೈಯುತ್ತಾರೆ. ಕೂಲರ್ ಕಿಟಕಿಯ ಹೊರಗಿನ ಒಣ ಗಾಳಿಯನ್ನು ಎಳೆದುಕೊಳ್ಳಬೇಕು, ಎದುರಿನ ಕಿಟಕಿ ಒಂದು ಗೇಣು ತೆರೆದಿರಬೇಕು. ಒಳಬಂದಷ್ಟೇ ಗಾಳಿ ಹೊರಹೋಗದಿದ್ದರೆ ತೇವ ಕೋಣೆಯಲ್ಲೇ ಉಳಿಯುತ್ತದೆ.

ಪಣಂಬೂರು:
ಈ ಸಲಹೆಯನ್ನು ಓದಿ ಕರಾವಳಿಯವರು ಯಾರೂ ಕೂಲರ್ ಕೊಳ್ಳಲು ಹೊರಡದಿರಲಿ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ನಮ್ಮಲ್ಲಿ 34 ಡಿಗ್ರಿ ತಾಪ, ಶೇಕಡಾ 65 ತೇವಾಂಶ ಇರುವ ದಿನ ಕೂಲರಿನಿಂದ ಬರುವ ಗಾಳಿ 29ಕ್ಕಿಂತ ಕೆಳಗಿಳಿಯುವುದಿಲ್ಲ. ಬಂದದ್ದೂ ನೀರು ತುಂಬಿಕೊಂಡೇ ಬರುತ್ತದೆ. ಮಂಗಳೂರಿನಲ್ಲಿ ಫ್ಯಾನ್ ಮತ್ತು ಎದುರುಬದುರಿನ ಕಿಟಕಿಗಳು, ಅದಾಗದಿದ್ದರೆ ಎಸಿ. ನಡುವಿನ ದಾರಿ ಇಲ್ಲ.

ಗಿಲಾವು:
ಕೂಲರೋ ಎಸಿಯೋ ಎಂಬುದು ಎರಡನೆಯ ಪ್ರಶ್ನೆ. ಪ್ರಶ್ನೆ ಕೇಳಿದವರೇ ಉತ್ತರದ ಮೇಲೆ ಅಂಗೈ ಇಟ್ಟು ನೋಡಿದ್ದಾರೆ: ರಾತ್ರಿ ಹನ್ನೊಂದಕ್ಕೂ ಬಿಸಿಯಾಗಿರುವ ಸೀಲಿಂಗೇ ಅವರ ಮನೆಯ ಒಲೆ. ಆ ಒಲೆ ಉರಿಯುತ್ತಿರುವಷ್ಟು ಕಾಲ ಯಾವ ಯಂತ್ರ ತಂದರೂ ಅದರ ಜೊತೆ ಗುದ್ದಾಡುವುದಕ್ಕೇ ಹಣ ಸುರಿಯಬೇಕಾಗುತ್ತದೆ.

ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ಮೇ ಎರಡನೆಯ ವಾರದ ಹೊತ್ತಿಗೆ ನಡುಹಗಲಿನ ಸೂರ್ಯ ಅಲ್ಲಿ ನೆತ್ತಿಯ ಮೇಲೆ ಬರುತ್ತಾನೆ. ಆ ದಿನಗಳಲ್ಲಿ ದಕ್ಷಿಣದ ಗೋಡೆಗೆ ಬಿಸಿಲೇ ತಾಗದು. ಹೆಚ್ಚಿನ ಪಾಲನ್ನು ತಾರಸಿ ಹೀರುತ್ತದೆ, ಉಳಿದದ್ದು ಬೆಳಿಗ್ಗೆ ಪೂರ್ವದ ಗೋಡೆಗೆ, ಸಂಜೆ ಪಶ್ಚಿಮದ ಗೋಡೆಗೆ. ನಾಲ್ಕೈದು ಇಂಚಿನ ಕಾಂಕ್ರೀಟಿನೊಳಗೆ ಶಾಖ ಕೆಳಮುಖವಾಗಿ ಇಳಿಯಲು ಕೆಲವು ಗಂಟೆಗಳು ಬೇಕಾಗುವುದರಿಂದಲೇ ಮಧ್ಯಾಹ್ನ ಹೀರಿದ್ದು ಮಲಗುವ ಹೊತ್ತಿಗೆ ನಿಮ್ಮ ಮೇಲೆ ಇಳಿಯುತ್ತದೆ. ಇದನ್ನು ತಡೆಯಬೇಕಾದದ್ದು ಸ್ಲ್ಯಾಬಿನ ಮೇಲ್ಮೈಯಲ್ಲಿ. ಕೆಳಗೆ ಥರ್ಮಾಕೋಲ್ ಅಥವಾ ಜಿಪ್ಸಮ್ ಸೀಲಿಂಗ್ ಕಟ್ಟಿಸುವವರಿದ್ದಾರೆ. ಸ್ವಲ್ಪ ಲಾಭ ನಿಜ, ಆದರೆ ಸ್ಲ್ಯಾಬು ಅಷ್ಟರಲ್ಲಿ ಕಾದು ಮುಗಿದಿರುತ್ತದೆ.

ಅತ್ಯಂತ ಅಗ್ಗದ ಉಪಾಯ ಸುಣ್ಣ. ತಾರಸಿಯನ್ನು ಪೊರಕೆಯಿಂದ ಉಜ್ಜಿ ತೊಳೆದು, ರಾತ್ರಿಯಿಡೀ ನೆನೆಸಿ ಸೋಸಿದ ಸುಣ್ಣಕ್ಕೆ ಅಂಟು ಬೆರೆಸಿ, ಒಂದು ಕೋಟು ಒಣಗಿದ ಮೇಲೆ ಅಡ್ಡಲಾಗಿ ಇನ್ನೊಂದು ಕೋಟು ಬಳಿಯಬೇಕು. ಮಳೆಗಾಲದಲ್ಲಿ ಅದು ಬಹುಪಾಲು ತೊಳೆದುಹೋಗುತ್ತದೆ, ಹಾಗಾಗಿ ಪ್ರತಿ ಮಾರ್ಚಿಗೂ ಮತ್ತೆ ಬಳಿಯಬೇಕು. ಬಿಸಿಲು ಪ್ರತಿಫಲಿಸುವ ಬಿಳಿ ಬಣ್ಣ ದುಬಾರಿ, ಕೆಲವು ವರ್ಷ ಬಾಳುತ್ತದೆ. ಆದರೆ ನಿಮ್ಮ ಜಿಲ್ಲೆಯ ಧೂಳಿಗೆ, ಅದರಲ್ಲೂ ಸೇಡಂ, ವಾಡಿ ಕಡೆಯ ಸಿಮೆಂಟಿನ ಧೂಳಿಗೆ, ಬೇಸಿಗೆಗೆ ಮೊದಲು ತೊಳೆಯದಿದ್ದರೆ ಅದು ಬಿಳಿಯಾಗಿ ಉಳಿಯುವುದಿಲ್ಲ. ಒಡೆದ ಬಿಳಿ ಟೈಲ್ಸಿನ ಚೂರು ಹಾಸುವುದು ಎಲ್ಲಕ್ಕಿಂತ ಬಾಳಿಕೆಯದ್ದು, ಆದರೆ ಅದರ ಭಾರವನ್ನು ಸ್ಲ್ಯಾಬು ತಡೆಯುತ್ತದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಇದು ನನ್ನ ಸ್ವಂತ ಹುಚ್ಚಲ್ಲ. ಅಹಮದಾಬಾದ್ ತನ್ನ ಬಿಸಿಗಾಳಿ ಯೋಜನೆಯ ಭಾಗವಾಗಿ ಬಡವರ ಮನೆಗಳ ಮೇಲೆ ಇದನ್ನೇ ಮಾಡಿಸಿದೆ, ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ನೀತಿಯೊಂದನ್ನು ಜಾರಿಗೆ ತಂದಿದೆ.

ಹಳೆ ಶಹಾಬಾದ:
ಇಷ್ಟೆಲ್ಲ ಉಪಚಾರ ಬೇಕಾಗಿರುವುದು ಆರ್‌ಸಿಸಿಯ ಹಿಂದೆ ಬಿದ್ದ ತಪ್ಪಿಗೆ. ನಮ್ಮ ಹಿರಿಯರು ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ ಕಟ್ಟಿ, ತೊಲೆಗಳ ಮೇಲೆ ಶಹಾಬಾದ ಕಲ್ಲು ಹಾಸಿ, ಅದರ ಮೇಲೆ ಗೇಣುದ್ದ ಮಣ್ಣು ತುಳಿಸಿ ಮಾಳಿಗೆ ಮಾಡುತ್ತಿದ್ದರು. ಮೇ ತಿಂಗಳ ಮಧ್ಯಾಹ್ನ ಒಳಗೆ ಹೋದರೆ ಹೊರಗಿನ ಬಿಸಿಲು ಮರೆತುಹೋಗುತ್ತಿತ್ತು, ವಿದ್ಯುತ್ತಿನ ಪ್ರಶ್ನೆಯೇ ಇರಲಿಲ್ಲ.

ಗಿಲಾವು:
ಮಧ್ಯಾಹ್ನದ ಮಟ್ಟಿಗೆ ತಮ್ಮ ಮಾತು ಸರಿ. ಆದರೆ ಆ ದಪ್ಪ ಗೋಡೆ ಹಗಲು ಹೀರಿದ್ದನ್ನು ರಾತ್ರಿ ಒಳಗೆ ಬಿಡುತ್ತಿತ್ತು. ಅದಕ್ಕೇ ಹಿರಿಯರು ಕತ್ತಲಾದ ಮೇಲೆ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುತ್ತಿದ್ದರು. ಆ ಮನೆಯ ತಂಪಿನ ಅರ್ಧ ಭಾಗ ಬಯಲಲ್ಲಿ ಮಲಗುವ ರೂಢಿಯಲ್ಲಿತ್ತು. ಇಂದು ಸೊಳ್ಳೆ, ಕಳ್ಳರ ಭಯ, ಪಕ್ಕದ ಮನೆಯ ಕಿಟಕಿ ಇವುಗಳ ನಡುವೆ ಎಷ್ಟು ಜನ ಮಾಳಿಗೆಯ ಮೇಲೆ ಮಲಗುತ್ತಾರೆ? ಈಗಾಗಲೇ ಕಟ್ಟಿರುವ ಮನೆಗೆ ಎರಡು ಅಡಿಯ ಗೋಡೆ ತೊಡಿಸಲೂ ಬರುವುದಿಲ್ಲ.

ಹಳೆ ಶಹಾಬಾದ:
ಸೊಳ್ಳೆಪರದೆ ಕಟ್ಟಿ ಮಲಗುವವರು ನಮ್ಮ ಓಣಿಯಲ್ಲಿ ಇನ್ನೂ ಇದ್ದಾರೆ. ರೂಢಿಯನ್ನು ನಾವು ಕೈಬಿಟ್ಟು, ಅದರ ಹೊಣೆಯನ್ನು ಮನೆಯ ಮೇಲೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ.

ಲೆಕ್ಕದ ಪುಸ್ತಕ:
ಬಿಲ್ಲಿನ ಮಾತನ್ನು ಯಾರೂ ಪೂರ್ತಿ ಆಡಿಲ್ಲ. ಗೃಹಜ್ಯೋತಿಯಲ್ಲಿ ಉಚಿತವಾಗಿ ಸಿಗುವುದು 2022-23ರ ನಿಮ್ಮ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇಕಡಾ 10. ಸರಾಸರಿ 110 ಇದ್ದವರಿಗೆ 121 ಯೂನಿಟ್. ಅದನ್ನು ಮೀರಿ 200ರೊಳಗೆ ಇದ್ದರೆ ಮೀರಿದ ಯೂನಿಟ್‌ಗಳಿಗಷ್ಟೇ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಆದ್ದರಿಂದ ನಮ್ಮ ರಾಜ್ಯದಲ್ಲಿ ಎಸಿಯ ನಿಜವಾದ ಖರ್ಚು ಅದು ತಿನ್ನುವ ಯೂನಿಟ್‌ಗಳ ಬೆಲೆಯಷ್ಟೇ ಅಲ್ಲ, ಅಲ್ಲಿಯವರೆಗೆ ಪುಕ್ಕಟೆಯಾಗಿದ್ದ ಯೂನಿಟ್‌ಗಳ ಬೆಲೆಯೂ ಸೇರಿ.

1.5 ಟನ್ನಿನ ಎಸಿಯನ್ನು ಕಾದ ತಾರಸಿಯ ಕೆಳಗೆ ರಾತ್ರಿ ಎಂಟು ಗಂಟೆ ನಡೆಸಿದರೆ, ಗಂಟೆಗೆ 0.8 ಯೂನಿಟ್ ಎಂದು ಹಿಡಿದರೂ ತಿಂಗಳಿಗೆ 190ರ ಹತ್ತಿರ ಹೋಗುತ್ತದೆ, ಒಟ್ಟು 300. ಯೂನಿಟ್‌ಗೆ 6 ರೂಪಾಯಿಯ ಆಸುಪಾಸಿನಲ್ಲಿ 1,800 ರೂಪಾಯಿ, ನಿಗದಿತ ಶುಲ್ಕ ಬೇರೆ. ಎಸಿಗೆ ಅಂಟಿಸಿರುವ ಸ್ಟಾರ್ ಪಟ್ಟಿಯ ಮೇಲಿನ ವಾರ್ಷಿಕ ಯೂನಿಟ್ ನೋಡಿ ನೆಮ್ಮದಿಪಡುವವರಿಗೆ ಒಂದು ಮಾತು: ಆ ಸಂಖ್ಯೆ ವರ್ಷಕ್ಕೆ 1,600 ಗಂಟೆಯ ಬಳಕೆಗೆ, ಹೊರಗಿನ ತಾಪ 24ರಿಂದ 43 ಡಿಗ್ರಿಯವರೆಗೆ ಹಂಚಿಹೋಗಿರುತ್ತದೆಂಬ ಲೆಕ್ಕದ ಮೇಲೆ ಬಂದದ್ದು. ಕಲಬುರಗಿಯ ಮೇ ತಿಂಗಳು ಆ ಹಂಚಿಕೆಯ ಮೇಲ್ತುದಿಯಲ್ಲೇ ಕುಳಿತಿರುತ್ತದೆ.

ಈಗ ಇನ್ನೊಂದು ಲೆಕ್ಕ. 200 ವ್ಯಾಟಿನ ಕೂಲರ್ ದಿನಕ್ಕೆ ಹತ್ತು ಗಂಟೆ ನಡೆದರೆ ತಿಂಗಳಿಗೆ 60 ಯೂನಿಟ್. ಮನೆಯ ನಾಲ್ಕು ಹಳೆಯ ಫ್ಯಾನುಗಳು ತಲಾ 75 ವ್ಯಾಟಿನವಾಗಿದ್ದು, ಅವುಗಳ ಜಾಗದಲ್ಲಿ 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ವಿದ್ಯುತ್ ತಿನ್ನುವ ಮೋಟಾರಿನ) ಫ್ಯಾನುಗಳು ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ಉಳಿಯುವುದು ಸುಮಾರು 65 ಯೂನಿಟ್. ಕೂಲರಿನ ಖರ್ಚನ್ನು ಫ್ಯಾನುಗಳೇ ತೀರಿಸಿದಂತಾಯಿತು. ಹೊಸ ಸಂಪರ್ಕ ಪಡೆದವರಿಗೆ ಮಾತ್ರ ಉಚಿತ ಮಿತಿ 58 ಯೂನಿಟ್ ಇರುವುದರಿಂದ ಅವರ ಲೆಕ್ಕ ಇಷ್ಟು ಸುಲಭವಾಗಿ ಕೂಡಿಬರುವುದಿಲ್ಲ.

ರಾಯಚೂರು ಬಾಡಿಗೆ ಮನೆ:
ತಾರಸಿ ನಮ್ಮದಲ್ಲದವರು ಏನು ಮಾಡಬೇಕು ಎಂಬುದನ್ನು ಈ ಚರ್ಚೆ ಮರೆತಿದೆ. ಸುಣ್ಣ ಬಳಿಯುತ್ತೇನೆಂದರೆ, ಖರ್ಚು ನನ್ನದೇ ಎಂದರೂ, ಮಾಲೀಕರು ತಾರಸಿಯ ಬೀಗದ ಕೈ ಕೊಡುವುದಿಲ್ಲ. ಕೂಲರಿಗೆ ಗಂಟೆಗೆ ಐದು ಲೀಟರ್, ಹತ್ತು ಗಂಟೆಗೆ ಐವತ್ತು ಲೀಟರ್ ನೀರು ಎಂದು ಬರೆಯುವುದು ಸುಲಭ; ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನವೂ ಬಾರದ ಓಣಿಯಲ್ಲಿ ಆ ಕೊಡಗಳನ್ನು ಹೊರುವವರು ಯಾರು? ಬೋರಿನ ಗಡಸು ನೀರು ಹಾಕಿದರೆ ಪ್ಯಾಡಿನ ಮೇಲೆ ಬಿಳಿ ಉಪ್ಪು ಹೆಪ್ಪುಗಟ್ಟಿ, ಒಂದೇ ಬೇಸಿಗೆಯಲ್ಲಿ ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಶಕ್ತಿನಗರದಲ್ಲಿ ವಿದ್ಯುತ್ ಹುಟ್ಟುತ್ತದೆ, ನಮ್ಮ ಪಾಲಿಗೆ ಬೆವರು.

ಜೊತೆಗೆ ಮನೆಯಲ್ಲಿ ರಕ್ತದೊತ್ತಡವಿರುವ ವಯಸ್ಸಾದ ತಾಯಿ ಇದ್ದಾರೆ. ಒಳಗಿನ ತಾಪವೇ 40 ಡಿಗ್ರಿ ದಾಟಿದಾಗ ಫ್ಯಾನ್ ಮೈಯನ್ನು ತಣಿಸುವ ಬದಲು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸಿದೆ. ಅಂಥ ದಿನಗಳಲ್ಲಿ ಎಸಿ ಶೋಕಿಯ ವಸ್ತುವಲ್ಲ. ಬಿಲ್ಲಿನ ಭಯಕ್ಕೆ ಅದನ್ನು ದೂರವಿಡಿ ಎಂದು ಯಾರೂ ಸಲಹೆ ಕೊಡಬಾರದು.

ತುಂಗಭದ್ರೆಯ ದಂಡೆ:
ನೀರಿನ ಕಷ್ಟ ನಿಜ, ಆದರೆ ಐವತ್ತು ಲೀಟರ್ ಎಂದರೆ ಮೂರು ಬಕೆಟ್. ಅಕ್ಕಿ, ತರಕಾರಿ ತೊಳೆದ ನೀರನ್ನು ಕೂಲರಿಗೆ ಸುರಿಯಬಾರದು, ವಾಸನೆ ಬರುತ್ತದೆ. ಗಡಸು ನೀರೇ ಗತಿಯಾದರೆ ಮೂರು ನಾಲ್ಕು ದಿನಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ತುಂಬಿಸಿದರೆ ಉಪ್ಪು ಅಷ್ಟು ಬೇಗ ಕಟ್ಟುವುದಿಲ್ಲ. ಜೇನುಗೂಡಿನ ಪ್ಯಾಡಿಗಿಂತ ಮರದ ನಾರಿನ ಅಗ್ಗದ ಪ್ಯಾಡನ್ನು ವರ್ಷಕ್ಕೊಮ್ಮೆ ಬದಲಿಸುವುದೇ ನಿಮ್ಮಂಥ ಕಡೆಗೆ ಮೇಲು.

ರಾಯಚೂರು ಬಾಡಿಗೆ ಮನೆ:
ಮೂರು ಬಕೆಟ್ ಎಂಬುದು ಮೂವರ ಸ್ನಾನ. ಪ್ಯಾಡಿನ ಸಲಹೆಗೆ ವಂದನೆಗಳು, ನೀರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ಲೆಕ್ಕದ ಪುಸ್ತಕ:
ಎಸಿ ಬೇಡವೆಂದು ನಾನು ಹೇಳಿಲ್ಲ, ಒಂದೇ ಕೋಣೆಗೆ ಸೀಮಿತವಾಗಿರಲಿ ಎನ್ನುತ್ತೇನೆ. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತೆ ಬ್ಯೂರೋದ ಲೆಕ್ಕ. 2020ರಿಂದ ಹೊಸ ಎಸಿಗಳು ಆರಂಭದಲ್ಲಿ 24ಕ್ಕೆ ನಿಲ್ಲುವಂತೆ ನಿಯಮ ಬಂದದ್ದೂ ಇದಕ್ಕೇ. ಫ್ಯಾನ್ ನಿಧಾನವಾಗಿ ತಿರುಗುತ್ತಿದ್ದರೆ 27ರಲ್ಲೂ ನಿದ್ದೆ ಬರುತ್ತದೆ. ಕೂಲರ್ ಮತ್ತು ಎಸಿಯನ್ನು ಮಾತ್ರ ಒಂದೇ ಕೋಣೆಯಲ್ಲಿ ಒಟ್ಟಿಗೆ ಹಾಕಬೇಡಿ. ಒಂದು ತುಂಬಿದ ತೇವವನ್ನು ಇನ್ನೊಂದು ಹಿಂಡಿ ತೆಗೆಯಲು ವಿದ್ಯುತ್ ಸುಡುತ್ತದೆ.

ಗಿಲಾವು:
ಬಾಡಿಗೆದಾರರಿಗೆ ತಾರಸಿ ಸಿಗದಿದ್ದರೆ ಪೂರ್ವ, ಪಶ್ಚಿಮದ ಕಿಟಕಿಗಳಾದರೂ ಸಿಗುತ್ತವೆ. ಬಿದಿರಿನ ತಟ್ಟಿಯನ್ನಾಗಲಿ ಹಸಿರು ಬಲೆಯನ್ನಾಗಲಿ ಕಿಟಕಿಯ ಹೊರಬದಿಗೆ ಕಟ್ಟಬೇಕು. ಗಾಜು ದಾಟಿ ಒಳಬಂದ ಬಿಸಿಲನ್ನು ಒಳಗಿನ ಪರದೆ ಹೊರಗೆ ಕಳಿಸಲಾರದು. ಬೆಳಿಗ್ಗೆ ಒಂಬತ್ತರೊಳಗೆ ಕಿಟಕಿ ಮುಚ್ಚಿ, ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾದ ಮೇಲೆ ತೆರೆಯಬೇಕು, ನಮ್ಮ ಕಡೆ ಅದು ರಾತ್ರಿ ಒಂಬತ್ತಾದರೂ ಆಗಬಹುದು. ಸಂಜೆ ಆರಕ್ಕೇ ಗಾಳಿ ಬರಲೆಂದು ತೆರೆದರೆ ಬಿಸಿಯನ್ನೇ ಕರೆದಂತೆ.

ಜೇವರ್ಗಿ ರಸ್ತೆ:
ಎಲ್ಲರಿಗೂ ವಂದನೆಗಳು. ಸುಣ್ಣವನ್ನೂ ಫ್ಯಾನುಗಳನ್ನೂ ಈ ತಿಂಗಳೇ ಮುಗಿಸಿ, ಕೂಲರನ್ನು ಪೂರ್ವದ ಕಿಟಕಿಗೆ ಕೂರಿಸುವುದೆಂದು ಮನೆಯಲ್ಲಿ ಒಪ್ಪಿಸಿದ್ದೇನೆ; ಎಸಿಯ ಬೇಡಿಕೆ ಮೇ ತಿಂಗಳಿಗೆ ಮುಂದೂಡಲ್ಪಟ್ಟಿದೆ, ಹಿಂತೆಗೆಯಲ್ಪಟ್ಟಿಲ್ಲ. ಒಂದು ಪ್ರಶ್ನೆ ಉಳಿದಿದೆ: 2024ರಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಮುಂದೆ ಸೌರಫಲಕ ಹಾಕಿಸುವುದಾದರೆ ಈ ಸುಣ್ಣದ ಕೆಲಸ ವ್ಯರ್ಥವಾಗುವುದೇ?

ಗಿಲಾವು:
ವ್ಯರ್ಥವಾಗುವುದಿಲ್ಲ. ಎತ್ತರದ ಚೌಕಟ್ಟಿನ ಮೇಲೆ ಕೂರಿಸಿದ ಫಲಕಗಳು ತಮ್ಮ ಕೆಳಗಿನ ಜಾಗಕ್ಕೆ ನೆರಳು ಕೊಡುತ್ತವೆ, ನಡುವೆ ಗಾಳಿಯೂ ಆಡುತ್ತದೆ. 3 ಕಿಲೋವ್ಯಾಟಿಗೆ ಸುಮಾರು 300 ಚದರಡಿ ಬೇಕಾಗುತ್ತದೆ, ಉಳಿದ ತಾರಸಿಗೆ ಸುಣ್ಣ ಬೇಕೇ ಬೇಕು. ಆ ಚೌಕಟ್ಟಿನ ಕಾಲುಗಳನ್ನು ನೆಡುವಾಗ ಸ್ಲ್ಯಾಬಿಗೆ ರಂಧ್ರ ಕೊರೆಯುವ ಬದಲು ಕಾಂಕ್ರೀಟಿನ ಪೀಠಗಳ ಮೇಲೆ ನಿಲ್ಲಿಸಲು ಹೇಳಿ, ಇಲ್ಲವಾದರೆ ಜೂನಿನಲ್ಲಿ ಸೋರಿಕೆಯ ವಿಷಯಕ್ಕೆ ಇಲ್ಲಿಗೆ ಮತ್ತೆ ಬರಬೇಕಾಗುತ್ತದೆ.