ಬಸುರಿ, ಬಾಣಂತಿಯರಿಗೆ ಸರ್ಕಾರದ ಊಟ ಮತ್ತು ದುಡ್ಡು: ಪಡೆದವರು ಏನು ಹೇಳುತ್ತಾರೆ?

ಪ್ರಶ್ನೆ

ನನಗೆ ಈಗ ನಾಲ್ಕನೇ ತಿಂಗಳು, ಮೊದಲನೇ ಮಗು. ನಾವು ರಾಯಚೂರು ಕಡೆಯವರು, ಈಗ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಯಜಮಾನರದ್ದು ಗಾರೆ ಕೆಲಸ. ರೇಷನ್ ಕಾರ್ಡ್ ಊರಲ್ಲಿ ಅತ್ತೆ ಹೆಸರಿನಲ್ಲಿದೆ, ನನ್ನ ಹೆಸರು ಇನ್ನೂ ಸೇರಿಲ್ಲ. ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಊಟ ಕೊಡುತ್ತಾರಂತೆ, ಐದು ಸಾವಿರ ದುಡ್ಡೂ ಬರುತ್ತದಂತೆ. ಆದರೆ ಕಾರ್ಡ್ ಇರುವ ಊರಲ್ಲೇ ಕೇಳಬೇಕು ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಏಳನೇ ತಿಂಗಳಿಗೆ ತವರಿಗೆ ಹೋಗಬೇಕು. ಎಲ್ಲಿ ಅರ್ಜಿ ಹಾಕಲಿ? ಪಡೆದವರು ದಯವಿಟ್ಟು ಹೇಳಿ.

ಎರಡು ಮಕ್ಕಳ ತಾಯಿ, ತುಮಕೂರು ಕಡೆಯವರು

ಮೊದಲು ಊಟ ಬೇರೆ, ದುಡ್ಡು ಬೇರೆ ಅಂತ ಇಟ್ಟುಕೊಳ್ಳಿ ತಂಗಿ. ಎರಡಕ್ಕೂ ದಾರಿ ಬೇರೆ ಬೇರೆ.

ಊಟಕ್ಕೆ ಅರ್ಜಿ ಗಿರ್ಜಿ ಏನೂ ಇಲ್ಲ. ನೀವು ಈಗ ಇರುವ ಮನೆಗೆ ಯಾವ ಅಂಗನವಾಡಿ ಹತ್ತಿರವೋ ಅಲ್ಲಿಗೆ ಹೋಗಿ ಟೀಚರ್ ಹತ್ತಿರ ಹೆಸರು ಬರೆಸಿ, ಅಷ್ಟೇ. ರೇಷನ್ ಕಾರ್ಡ್ ಯಾವ ಊರಿನದು, ಅದರಲ್ಲಿ ನಿಮ್ಮ ಹೆಸರಿದೆಯಾ, ಬಿಪಿಎಲ್ಲಾ ಎಪಿಎಲ್ಲಾ, ಇದ್ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಇದು ಬರೆದಿದೆ. ಗರ್ಭಿಣಿಯರಿಗೆ, ಹೆರಿಗೆಯಾದ ಮೇಲೆ ಆರು ತಿಂಗಳವರೆಗೆ ತಾಯಂದಿರಿಗೆ, ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯಿಂದ ಉಚಿತ ಆಹಾರ. ಪಕ್ಕದ ಮನೆಯವರು ಹೇಳಿದ್ದು ತಪ್ಪು.

ನಮ್ಮ ರಾಜ್ಯದಲ್ಲಿ ಇದಕ್ಕೆ ಮಾತೃಪೂರ್ಣ ಅಂತಾರೆ. 2017ರ ಅಕ್ಟೋಬರ್ 2ರಿಂದ ಇದೆ. ಅನ್ನ, ತರಕಾರಿ ಹಾಕಿದ ಸಾಂಬಾರು, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ತಿಂಗಳಿಗೆ 25 ದಿನ. ಜೊತೆಗೆ ಕಬ್ಬಿಣಾಂಶದ ಮಾತ್ರೆ. ಅಲ್ಲೇ ಕೂತು ಊಟ ಮಾಡಬೇಕು ಅಂತ ಇಟ್ಟಿದ್ದಕ್ಕೆ ಕಾರಣ ಇದೆ. ಮನೆಗೆ ಕೊಟ್ಟರೆ ಮೊಟ್ಟೆ ಮಕ್ಕಳ ತಟ್ಟೆಗೆ, ಹಾಲು ಎಲ್ಲರ ಟೀಗೆ. ಬಸುರಿ ಹೊಟ್ಟೆಗೆ ಏನು ಸೇರುತ್ತದೆ? ಆದರೆ ಗಾರ್ಮೆಂಟ್ಸ್‌ಗೋ ಕೂಲಿಗೋ ಹೋಗುವವರು ಮಧ್ಯಾಹ್ನ ಕೆಲಸ ಬಿಟ್ಟು ಹೇಗೆ ಬರಬೇಕು? ಹಸಿ ಬಾಣಂತಿ ಬಿಸಿಲಲ್ಲಿ ಹೇಗೆ ನಡೆದು ಬರಬೇಕು? ಯೋಜನೆ ಮಾಡಿದವರು ಇದನ್ನು ಯೋಚಿಸಿದ್ದು ಕಡಿಮೆ ಅನ್ನಿಸುತ್ತದೆ. ನಿಮಗೆ ಬರಲು ಆಗದಿದ್ದರೆ ಟೀಚರ್ ಹತ್ತಿರ ಬಾಯಿ ಬಿಟ್ಟು ಹೇಳಿ, ನಿಮ್ಮ ಕಡೆ ಏನು ವ್ಯವಸ್ಥೆ ಇದೆ ಅಂತ ಕೇಳಿ. ಸುಮ್ನೆ ಬಿಡಬೇಡಿ.

ಇನ್ನು ದುಡ್ಡು. ಅದು ಕೇಂದ್ರ ಸರ್ಕಾರದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ. ಮೊದಲ ಮಗುವಿಗೆ 5,000 ರೂಪಾಯಿ, ಎರಡು ಕಂತು. ಗರ್ಭಿಣಿ ಅಂತ ನೋಂದಣಿಯಾಗಿ, ಕೊನೆಯ ಮುಟ್ಟಿನ ದಿನದಿಂದ ಆರು ತಿಂಗಳೊಳಗೆ ಒಂದಾದರೂ ತಪಾಸಣೆ ಆಗಿದ್ದರೆ 3,000. ಮಗು ಹುಟ್ಟಿ, ಜನನ ನೋಂದಣಿಯಾಗಿ, ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ 2,000. ಎರಡನೇ ಮಗು ಹೆಣ್ಣಾದರೆ 6,000, ಒಂದೇ ಸಲ. ಅದು 2022ರ ಏಪ್ರಿಲ್ 1ರಿಂದ ಬಂದ ನಿಯಮ. ನೀವಿನ್ನೂ ನಾಲ್ಕನೇ ತಿಂಗಳಲ್ಲಿದ್ದೀರಿ, ಒಳ್ಳೆಯದಾಯಿತು. ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ತಾಯಿ ಕಾರ್ಡ್ (ತಪಾಸಣೆ, ಲಸಿಕೆ ಬರೆಯುವ ಕಾರ್ಡ್) ಮಾಡಿಸಿ. ಖಾಸಗಿ ಡಾಕ್ಟರ್ ಹತ್ತಿರ ತೋರಿಸುತ್ತಿದ್ದರೂ ತಾಯಿ ಕಾರ್ಡ್ ಬೇಕೇ ಬೇಕು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ, ಅವತ್ತು ಡಾಕ್ಟರ್ ಸಿಗುತ್ತಾರೆ.

ಬ್ಯಾಂಕ್‌ನಲ್ಲಿ ಕೆಲಸ ಮಾಡುವವರು

ಅಕ್ಕ ಎಲ್ಲ ಹೇಳಿದ್ದಾರೆ. ನಾನು ಬ್ಯಾಂಕಿನ ಕಡೆಯದ್ದು ಹೇಳುತ್ತೇನೆ. ನಮ್ಮ ಕೌಂಟರಿಗೆ ಬರುವ ದೂರು ಯಾವಾಗಲೂ ಒಂದೇ: "ಅರ್ಜಿ ಪಾಸಾಗಿದೆ ಅಂತಾರೆ, ದುಡ್ಡು ಬಂದಿಲ್ಲ."

ಈ ದುಡ್ಡು ನೀವು ಪಾಸ್‌ಬುಕ್ ಜೆರಾಕ್ಸ್ ಕೊಟ್ಟ ಖಾತೆಗೇ ಬರುತ್ತದೆ ಅಂದುಕೊಳ್ಳಬೇಡಿ. ಆಧಾರ್ ನಂಬರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಮದುವೆಗೆ ಮುಂಚೆ ಸ್ಕಾಲರ್‌ಶಿಪ್‌ಗೆ ಅಂತ ತವರಲ್ಲಿ ಒಂದು ಖಾತೆ ತೆಗೆದಿರುತ್ತಾರೆ, ಎಷ್ಟೋ ಜನರ ದುಡ್ಡು ಅಲ್ಲಿ ಬಿದ್ದಿರುತ್ತದೆ. ಅವರಿಗೆ ಗೊತ್ತೇ ಇರುವುದಿಲ್ಲ. ಕೆಲವರ ಆಧಾರ್ ಎಲ್ಲಿಗೂ ಮ್ಯಾಪ್ ಆಗಿರುವುದಿಲ್ಲ. ಖಾತೆಗೆ ಆಧಾರ್ ಕೊಟ್ಟಿದ್ದೇನೆ ಅಂದರೆ ಸಾಲದು, ಸರ್ಕಾರದ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅಂತ ಗುರುತಿಸುವ ಎನ್‌ಪಿಸಿಐ ಮ್ಯಾಪಿಂಗ್ ಆಗಬೇಕು. ಬ್ಯಾಂಕಿನಲ್ಲಿ ಅದಕ್ಕೆ ಒಂದು ಫಾರಂ ಇದೆ, ಕೇಳಿ ತುಂಬಿ.

ಗೃಹಲಕ್ಷ್ಮಿ ದುಡ್ಡು ಬರುವವರ ಮ್ಯಾಪಿಂಗ್ ಆಗಲೇ ಸರಿಯಾಗಿರುತ್ತದೆ. ಆದರೆ ಅದು ಮನೆ ಯಜಮಾನಿಗೆ, ಅಂದರೆ ನಿಮ್ಮ ಮನೆಯಲ್ಲಿ ಅತ್ತೆಯವರಿಗೆ. ಸೊಸೆಯ ಖಾತೆ ಹೇಗಿದೆ ಅಂತ ಯಾರೂ ನೋಡಿರುವುದಿಲ್ಲ. ಈ ದುಡ್ಡು ನಿಮ್ಮ ಹೆಸರಿನ ಖಾತೆಗೇ ಬರಬೇಕು, ಯಜಮಾನರ ಖಾತೆ ಕೊಟ್ಟರೆ ನಡೆಯುವುದಿಲ್ಲ. ಮೈ ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ. ಒಟಿಪಿ ಹಾಕಿದರೆ ಯಾವ ಬ್ಯಾಂಕ್ ಅಂತ ತೋರಿಸುತ್ತದೆ. ಅರ್ಜಿಗೆ ಮೊದಲೇ ನೋಡಿಕೊಳ್ಳಿ.

ಇನ್ನೊಬ್ಬ ತಾಯಿ

ನಮ್ಮ ಅತ್ತೆಗೆ ನಾನು ಅಂಗನವಾಡಿಗೆ ಊಟಕ್ಕೆ ಹೋಗುವುದೇ ಮರ್ಯಾದೆ ಪ್ರಶ್ನೆಯಾಗಿತ್ತು. "ನಮ್ಮ ಮನೆಯಲ್ಲಿ ಊಟಕ್ಕೆ ಗತಿ ಇಲ್ಲವಾ?" ಅಂದರು. ಟೀಚರ್ ಮನೆಗೇ ಬಂದು ಮಾತಾಡಿದ ಮೇಲೆ ಸುಮ್ಮನಾದರು. ಇದು ಭಿಕ್ಷೆ ಅಲ್ಲ, ಕಾನೂನಿನ ಪ್ರಕಾರ ನಮ್ಮ ಪಾಲು. ಮೊಟ್ಟೆ ತಿನ್ನದವರಾದರೆ ಬದಲಿಗೆ ಏನು ಕೊಡುತ್ತೀರಿ ಅಂತ ಕೇಳಿ.

ಅಂಗನವಾಡಿ ಕಾರ್ಯಕರ್ತೆ

ಟೀಚರ್‌ಗಳ ಬಗ್ಗೆ ಇಷ್ಟೆಲ್ಲ ಮಾತಾಯಿತಲ್ಲ, ನಾನೂ ಒಂದಿಷ್ಟು ಹೇಳುತ್ತೇನೆ.

ಬರುವಾಗ ಆಧಾರ್, ತಾಯಿ ಕಾರ್ಡ್ ತನ್ನಿ. ಅದಕ್ಕಿಂತ ಮುಖ್ಯ, ಆಧಾರ್‌ಗೆ ಸೇರಿಸಿದ ಸಿಮ್ ಇರುವ ಫೋನ್ ಕೈಯಲ್ಲಿರಲಿ. ಅಂಗನವಾಡಿ ಲೆಕ್ಕ ಇಡುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹೆಸರು ಸೇರಿಸುವಾಗ ಆ ನಂಬರಿಗೆ ಒಟಿಪಿ ಬರುತ್ತದೆ. ಆ ಫೋನ್ ಯಜಮಾನರ ಜೇಬಿನಲ್ಲಿ, ಅವರು ಸೈಟಿನಲ್ಲಿ, ಅವರು ಕರೆ ಎತ್ತುವ ಹೊತ್ತಿಗೆ ಒಟಿಪಿ ಅವಧಿ ಮುಗಿದಿರುತ್ತದೆ. ಹಳೆಯ ನಂಬರ್ ಹೋಗಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ಹೊಸದು ಸೇರಿಸಿಕೊಳ್ಳಿ. ಮನೆಗೆ ಕೊಡುವ ಆಹಾರಕ್ಕೆ 2025ರ ಜುಲೈಯಿಂದ ಮುಖ ಗುರುತೂ ಬೇಕು. ನೆಟ್‌ವರ್ಕ್ ಕೈಕೊಟ್ಟರೆ ಸಿಟ್ಟು ನಮ್ಮ ಮೇಲೆ! ಆ್ಯಪ್ ನಾವು ಮಾಡಿದ್ದಲ್ಲ ಸ್ವಾಮಿ.

ತವರಿಗೆ ಹೋಗುವ ಮುಂಚೆ ನಮಗೆ ಹೇಳಿ ಹೋಗಿ. ಒಂದೇ ಆಧಾರ್ ಎರಡು ಕಡೆ ನಡೆಯುವುದಿಲ್ಲ, ಆದರೆ ನಿಮ್ಮ ಹೆಸರನ್ನು ಆ ಊರಿನ ಅಂಗನವಾಡಿಗೆ ವರ್ಗ ಮಾಡಿಸಬಹುದು. ಹೇಳದೆ ಹೋದರೆ ಅಲ್ಲಿನವರು ಸೇರಿಸಲು ಹೋದಾಗ ಹೆಸರು ಆಗಲೇ ಇದೆ ಅಂತ ತೋರಿಸುತ್ತದೆ, ನೀವು ಅಲೆಯಬೇಕಾಗುತ್ತದೆ.

ಲಸಿಕೆಯನ್ನು ತವರಲ್ಲಿ ಹಾಕಿಸಿದರೂ ಇದೇ ತಾಯಿ ಕಾರ್ಡಿನಲ್ಲಿ ಬರೆಸಿ. ಆರು, ಹತ್ತು, ಹದಿನಾಲ್ಕು ವಾರದ ಲಸಿಕೆ ಮೂರೂ ಆಗಬೇಕು, ಎರಡನೇ ಕಂತು ನಿಂತಿರುವುದೇ ಅದರ ಮೇಲೆ. ಜನನ ಪ್ರಮಾಣಪತ್ರ ಆಸ್ಪತ್ರೆ ಬಿಡುವ ಮುಂಚೆಯೇ ವಿಚಾರಿಸಿ. ಮಗು ಹುಟ್ಟಿ 270 ದಿನ ದಾಟಿದರೆ ಅರ್ಜಿ ತೆಗೆದುಕೊಳ್ಳುವುದಿಲ್ಲ.

ಮಗುವಿಗೆ ಆರು ತಿಂಗಳು ತುಂಬಿದಾಗ ಮತ್ತೆ ಬನ್ನಿ. ಮೂರು ವರ್ಷದವರೆಗೆ ಮನೆಗೇ ಪುಷ್ಟಿ ಪುಡಿ ಕೊಡುತ್ತೇವೆ. ಮಗುವಿನ ಆಧಾರ್ ಬೇಕಿಲ್ಲ, ನಿಮ್ಮದು ಸಾಕು. ತೂಕ ಹಾಕುವ ದಿನ ತಪ್ಪಿಸಬೇಡಿ. ಪುಡಿ ಇಸಿದುಕೊಂಡು ತೂಕ ಬೇಡ ಅಂತ ಓಡುವವರೇ ಜಾಸ್ತಿ! ದೃಷ್ಟಿಯಾಗುತ್ತದೆ ಅಂತಾರೆ. ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುತ್ತೇವೆ. ಅಲ್ಲಿ ತಾಯಿಯೂ ಜೊತೆಗೆ ಇರಬಹುದು. ತೂಕ, ಅಳತೆ ನೋಡದೆ ಇದು ಗೊತ್ತಾಗುವುದಾದರೂ ಹೇಗೆ?

ಕಟ್ಟಡ ಕೆಲಸದವರೊಬ್ಬರು

ತಂಗಿ, ನಿಮ್ಮ ಯಜಮಾನರು ಗಾರೆ ಕೆಲಸ ಅಂದಿರಿ. ಅವರು ಕಾರ್ಮಿಕ ಕಾರ್ಡ್ ಮಾಡಿಸಿದ್ದಾರಾ? ನೀವೂ ಅವರ ಜೊತೆ ಸೈಟಿಗೆ ಹೋಗುತ್ತಿದ್ದರೆ ನಿಮ್ಮ ಹೆಸರಿನಲ್ಲೂ ಮಾಡಿಸಬಹುದು. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿದ ಹೆಂಗಸರಿಗೆ ಹೆರಿಗೆ ನೆರವು ಪ್ರತ್ಯೇಕವಾಗಿ ಇದೆ. ಕಾರ್ಮಿಕ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಏಜೆಂಟರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದೇ ಅನುಮಾನ. ರೇಷನ್ ಕಾರ್ಡಿನಲ್ಲಿ ನನ್ನ ಹೆಸರಿಲ್ಲವಲ್ಲ, ದುಡ್ಡಿಗೆ ತೊಂದರೆ ಆಗುತ್ತದಾ? ಆಧಾರ್‌ನಲ್ಲಿ ಇನ್ನೂ ಅಪ್ಪನ ಹೆಸರೇ ಇದೆ. ಯಜಮಾನರ ಆಧಾರ್ ಕೊಡಬೇಕಾ?

ಎರಡು ಮಕ್ಕಳ ತಾಯಿ, ತುಮಕೂರು ಕಡೆಯವರು

ರೇಷನ್ ಕಾರ್ಡೇ ಆಗಬೇಕು ಅಂತ ಇಲ್ಲ. ಜಾತಿ ಪ್ರಮಾಣಪತ್ರ ಇರುವ ಎಸ್‌ಸಿ, ಎಸ್‌ಟಿಯವರಿಗೆ ಅದೇ ಸಾಕು. ಇಲ್ಲದಿದ್ದರೆ ಇ-ಶ್ರಮ್ ಕಾರ್ಡ್, ನರೇಗಾ ಜಾಬ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಇವುಗಳಲ್ಲಿ ಒಂದು. ಏನೂ ಇಲ್ಲದಿದ್ದರೆ ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಅಂತ ತೋರಿಸುವ ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ತೆಗೆಸಿ. ಯಜಮಾನರ ಆಧಾರ್ ಹೊಸ ನಿಯಮದಲ್ಲಿ ಕಡ್ಡಾಯ ಅಲ್ಲ. ಹೆಸರನ್ನು ನಿಮ್ಮ ಆಧಾರ್‌ನಲ್ಲಿ ಹೇಗಿದೆಯೋ ಹಾಗೆಯೇ ಬರೆಸಿ, ಒಂದು ಅಕ್ಷರವೂ ಬದಲಾಗದಂತೆ. ಮದುವೆ ಆದ ಮೇಲಿನ ಹೆಸರು ಈಗ ಸೇರಿಸಲು ಹೋಗಬೇಡಿ.

ಅರ್ಜಿಯನ್ನು ಟೀಚರ್ ಅಥವಾ ಆಶಾ ಅಕ್ಕ ಹಾಕಿಕೊಡುತ್ತಾರೆ, ಮಾತೃವಂದನಾ ವೆಬ್‌ಸೈಟಿನಲ್ಲಿ ನೀವೇ ಹಾಕಲೂಬಹುದು. ಯಾರಾದರೂ ಆಗಲ್ಲ ಅಂದರೆ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ, ಇಲ್ಲವೇ ಮಾತೃವಂದನಾ ಸಹಾಯವಾಣಿಗೆ ಫೋನ್ ಮಾಡಿ. ಊಟವನ್ನು ಮಾತ್ರ ದುಡ್ಡಿನ ಅರ್ಜಿ ಮುಗಿಯಲಿ ಅಂತ ಕಾಯಬೇಡಿ. ನಾಳೆಯೇ ಹೋಗಿ ಹೆಸರು ಬರೆಸಿ.