ಹೊಸ ಲ್ಯಾಪ್‌ಟಾಪ್‌ಗೆ ಹಳೆಯ ಲೇಸರ್ ಪ್ರಿಂಟರ್ ಹೊಂದುತ್ತಿಲ್ಲ: ಡ್ರೈವರ್ ಸಿಕ್ಕೀತೇ, ಹೊಸದನ್ನೇ ಕೊಳ್ಳಬೇಕೇ?

ಶರಾವತಿ ದಡ:

ಎಲ್ಲರಿಗೂ ನಮಸ್ಕಾರ. ನಾನು ಸಾಗರದಲ್ಲಿ ಮನೆಯಲ್ಲೇ ಎಂಟರಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತೇನೆ. ವಾರಕ್ಕೆ ಸುಮಾರು 120 ಪುಟ ಮುದ್ರಿಸಬೇಕಾಗುತ್ತದೆ. ಬಹುಪಾಲು ಕನ್ನಡ ಪ್ರಶ್ನೆಪತ್ರಿಕೆಗಳು, ಬಣ್ಣ ಬೇಡ. 2011ರಲ್ಲಿ ನಮ್ಮ ತಂದೆಯವರು ಕೊಂಡ ಕಪ್ಪು-ಬಿಳುಪು ಲೇಸರ್ ಪ್ರಿಂಟರ್ ಹಳೆಯ ಡೆಸ್ಕ್‌ಟಾಪ್‌ನಲ್ಲಿ, ಅಂದರೆ ವಿಂಡೋಸ್ 7ರಲ್ಲಿ, ಇಂದಿಗೂ ಒಂದು ದಿನ ತಪ್ಪದೆ ದುಡಿಯುತ್ತಿದೆ.

ಕಳೆದ ತಿಂಗಳು ತಮ್ಮ ನನಗೆ ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟ. ಪ್ರಿಂಟರ್ ಸಿಕ್ಕಿಸಿದರೆ ಸಾಧನ ಕಾಣಿಸುತ್ತದೆ, ಆದರೆ ‘ಡ್ರೈವರ್ ಲಭ್ಯವಿಲ್ಲ’, ಅಂದರೆ ಪ್ರಿಂಟರ್ ಜೊತೆ ಮಾತಾಡಲು ಬೇಕಾದ ತಂತ್ರಾಂಶ ಇಲ್ಲ, ಎನ್ನುತ್ತದೆ. ತಯಾರಕರ ಜಾಲತಾಣದಿಂದ ಡ್ರೈವರ್ ಇಳಿಸಿಕೊಂಡೆ. ಅರ್ಧ ದಾರಿ ಹೋಗಿ, ಈ ಕಂಪ್ಯೂಟರ್‌ಗೆ ಹೊಂದುವುದಿಲ್ಲ ಎಂದು ನಿಂತುಬಿಟ್ಟಿತು. ಮಾದರಿ ಸಂಖ್ಯೆ ಇರುವ ಚೀಟಿಯ ಚಿತ್ರ ಲಗತ್ತಿಸಿದ್ದೇನೆ.

ಅಂಗಡಿಯವರು ಹಳೆಯದನ್ನು ಗುಜರಿಗೆ ಹಾಕಿ ಇಂಕಿನದನ್ನು ಕೊಳ್ಳಿ ಎನ್ನುತ್ತಾರೆ. ಎರಡು ವರ್ಷದ ಹಿಂದೆ ಅಂಥದೊಂದನ್ನು ಕೊಂಡು ಪೆಟ್ಟು ತಿಂದಿದ್ದೇನೆ. ಕಪ್ಪು ಕಾರ್ಟ್ರಿಡ್ಜ್‌ಗೆ 1,050 ರೂಪಾಯಿ. ಲೆಕ್ಕ ಇಟ್ಟಿದ್ದೆ, ಒಂದರಿಂದ ಬಂದದ್ದು 190 ಪುಟ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಮುಟ್ಟಲಿಲ್ಲ, ಜೂನ್‌ನಲ್ಲಿ ತೆರೆದಾಗ ಇಂಕು ಚಿಮ್ಮಿಸುವ ಹೆಡ್ ಒಣಗಿತ್ತು. ಈ ಲೇಸರನ್ನು ಉಳಿಸಿಕೊಳ್ಳಲು ದಾರಿ ಇದ್ದರೆ ದಯವಿಟ್ಟು ಹೇಳಿ.

ಅಡಿಕೆ ಚಪ್ಪರ:

ಟೀಚರ್, ಮೊದಲು ಸುಲಭದ್ದನ್ನು ನೋಡಿ. ಪ್ರಿಂಟರ್ ಕೇಬಲ್ಲನ್ನು ಬೇರೆ ಯುಎಸ್‌ಬಿ ಕಿಂಡಿಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಪೋರ್ಟ್ ಎಂದು ತಿಳಿಯುವುದುಂಟು. ಹಳೆಯ ಹೆಸರು ಯುಎಸ್‌ಬಿ001ಕ್ಕೆ ಅಂಟಿಕೊಂಡಿರುತ್ತದೆ, ಪ್ರಿಂಟರ್ ಮಾತ್ರ 002ರಲ್ಲಿ ಇರುತ್ತದೆ, ಹೀಗಾಗಿ ‘ಆಫ್‌ಲೈನ್’ ಎಂದು ತೋರಿಸುತ್ತದೆ. ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಪುಟದಲ್ಲಿ ಸರಿಯಾದುದಕ್ಕೆ ಗುರುತು ಹಾಕಿ. ಕೆಲಸ ಸರದಿಯಲ್ಲಿ ಸಿಕ್ಕಿಕೊಂಡಿದ್ದರೆ ಸರ್ವೀಸಸ್ ಪಟ್ಟಿಯಲ್ಲಿ ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ವಿಂಡೋಸ್ ಫೋಲ್ಡರ್‌ನೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅಲ್ಲಿ ಪ್ರಿಂಟರ್ಸ್ ಎಂಬ ಫೋಲ್ಡರ್‌ನಲ್ಲಿರುವ ಕಡತಗಳನ್ನು ಅಳಿಸಿ, ಸ್ಪೂಲರನ್ನು ಮತ್ತೆ ಆರಂಭಿಸಿ. ನಮ್ಮ ಮನೆಯಲ್ಲಿ ಹತ್ತರಲ್ಲಿ ಎಂಟು ಸಲ ಇಷ್ಟೇ ಸಾಕಾಗುತ್ತದೆ.

ರಿಪೇರಿ ಮೇಜು:

ಚಪ್ಪರದವರು ಹೇಳಿದ್ದು ಡ್ರೈವರ್ ಒಮ್ಮೆ ಕೂತ ಮೇಲೆ ಬರುವ ತೊಂದರೆಗೆ ಸರಿಯಾದ ಮದ್ದು. ಇಲ್ಲಿ ಡ್ರೈವರ್ ಕೂತೇ ಇಲ್ಲ. ಮೇಡಂ, ಲ್ಯಾಪ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರ ಕೊನೆಯಲ್ಲಿ ಅಬೌಟ್ ತೆರೆದು ‘ಸಿಸ್ಟಮ್ ಟೈಪ್’ ಸಾಲಿನಲ್ಲಿ ಏನಿದೆ ಎಂದು ನೋಡಿ ಹೇಳುವಿರಾ?

ಶರಾವತಿ ದಡ:

64-ಬಿಟ್ ಆಪರೇಟಿಂಗ್ ಸಿಸ್ಟಮ್, ಎಆರ್‌ಎಂ ಆಧಾರಿತ ಪ್ರೊಸೆಸರ್ ಎಂದಿದೆ. ಪೋರ್ಟ್ಸ್ ಪುಟವನ್ನೂ ನೋಡಿದೆ, ಅಲ್ಲಿ ನನ್ನ ಪ್ರಿಂಟರ್‌ನ ಹೆಸರೇ ಇಲ್ಲ.

ರಿಪೇರಿ ಮೇಜು:

ಹಾಗಿದ್ದರೆ ರೋಗ ಗೊತ್ತಾಯಿತು. ನಿಮ್ಮ ಪ್ರಿಂಟರ್‌ನಲ್ಲಿ ದೋಷವಿಲ್ಲ, ನೀವು ತಪ್ಪು ಮಾಡಿಯೂ ಇಲ್ಲ.

ಎಆರ್‌ಎಂ ಎಂಬುದು ಇಂಟೆಲ್, ಎಎಂಡಿಗಿಂತ ಬೇರೆ ಜಾತಿಯ ಪ್ರೊಸೆಸರ್. ಅದಿರುವ ವಿಂಡೋಸ್ 11, ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಿಗಾಗಿ ಬರೆದ ಸಾಮಾನ್ಯ ತಂತ್ರಾಂಶಗಳನ್ನು ಒಳಗೊಳಗೇ ಅನುವಾದಿಸಿಕೊಂಡು ನಡೆಸುತ್ತದೆ. ಆದ್ದರಿಂದ ವರ್ಡ್, ಬ್ರೌಸರ್ ಎಲ್ಲವೂ ಓಡುತ್ತವೆ. ಡ್ರೈವರ್‌ಗಳಿಗೆ ಆ ಅನುವಾದದ ಸೌಲಭ್ಯವಿಲ್ಲ. ಅವನ್ನು ಎಆರ್‌ಎಂಗಾಗಿಯೇ ಬರೆಯಬೇಕು. ಹದಿನೈದು ವರ್ಷದ ಹಿಂದಿನ ಅಗ್ಗದ ಪ್ರಿಂಟರ್‌ಗೆ ಯಾವ ಕಂಪನಿಯೂ ಈಗ ಕೂತು ಅದನ್ನು ಬರೆಯುವುದಿಲ್ಲ.

ಎಲ್ಲ ಹಳೆಯ ಪ್ರಿಂಟರ್‌ಗಳಿಗೂ ಈ ಗತಿ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟ-ಭಾಷೆ ತಿಳಿದಿರುವ ಪ್ರಿಂಟರ್ ಆಗಿದ್ದರೆ ಸಾಮಾನ್ಯ ಡ್ರೈವರ್‌ನಿಂದಲೇ ಮಾತನಾಡಿಸಬಹುದಿತ್ತು. ನಿಮ್ಮದು ಹೋಸ್ಟ್ ಆಧಾರಿತ ಜಾತಿಯದು. ಅದಕ್ಕೆ ಅಕ್ಷರ ಗೊತ್ತಿಲ್ಲ, ಗೆರೆ ಗೊತ್ತಿಲ್ಲ, ಗೊತ್ತಿರುವುದು ಚುಕ್ಕೆ ಮಾತ್ರ. ಒಂದು ಎ4 ಹಾಳೆಯಲ್ಲಿ 600 ಡಿಪಿಐ (ಅಂಗುಲಕ್ಕೆ 600 ಚುಕ್ಕೆ) ಲೆಕ್ಕದಲ್ಲಿ ಸುಮಾರು 3.5 ಕೋಟಿ ಚುಕ್ಕೆಗಳ ಜಾಗವಿದೆ. ಎಲ್ಲಿ ಕಪ್ಪು, ಎಲ್ಲಿ ಖಾಲಿ ಎಂದು ಕಂಪ್ಯೂಟರೇ ತೀರ್ಮಾನಿಸಿ ಕಳಿಸಬೇಕು. ಪ್ರಿಂಟರ್ ಒಳಗಿನ ಬುದ್ಧಿಯನ್ನು ಉಳಿತಾಯ ಮಾಡಿದ್ದರಿಂದಲೇ ಅದು ಅಂದು ಅಗ್ಗಕ್ಕೆ ಸಿಕ್ಕಿದ್ದು. ಚೀಟಿಯಲ್ಲಿರುವ ಮಾದರಿ ಇನ್ನೂ ಒಂದು ಹೆಜ್ಜೆ ಮುಂದೆ: ಕರೆಂಟ್ ಹೋದರೆ ತನ್ನನ್ನು ನಡೆಸುವ ಒಳ ತಂತ್ರಾಂಶವಾದ ಫರ್ಮ್‌ವೇರನ್ನೂ ಮರೆಯುತ್ತದೆ, ಪ್ರತಿ ಸಲ ಕಂಪ್ಯೂಟರಿನಿಂದ ಮತ್ತೆ ತುಂಬಿಸಿಕೊಳ್ಳುತ್ತದೆ.

ಆದರೂ ಗುಜರಿಗೆ ಹಾಕಬೇಡಿ. ಖರ್ಚಿನ ಲೆಕ್ಕವನ್ನೊಮ್ಮೆ ನೋಡಿ. ಇದರ ಟೋನರ್ (ಮುದ್ರಣದ ಪುಡಿ) 2,000 ಪುಟಕ್ಕೆ ಎಂದು ಬರೆದಿರುತ್ತಾರೆ. ಐಎಸ್‌ಒ 19752 ಎಂಬ ಮಾನದಂಡದ ಪ್ರಕಾರ ಪುಟದ ಸುಮಾರು ಶೇ. 5ರಷ್ಟು ಭಾಗ ಮಾತ್ರ ಕಪ್ಪಾಗುವ ಪುಟಗಳ ಎಣಿಕೆ ಅದು. ರೀಫಿಲ್ ಆದ್ದರಿಂದ ನಾವು 1,500 ಎಂದು ಹಿಡಿಯೋಣ. ನಮ್ಮ ಕಡೆ ರೀಫಿಲ್‌ಗೆ 350 ರೂಪಾಯಿ, ಅಂದರೆ ಪುಟಕ್ಕೆ ಹೆಚ್ಚುಕಡಿಮೆ 23 ಪೈಸೆ. ನಿಮ್ಮ ಇಂಕಿನ ಪುಟಕ್ಕೆ ಐದೂವರೆ ರೂಪಾಯಿ ಬಿದ್ದಿದೆ. ವರ್ಷಕ್ಕೆ 40 ವಾರ, 4,800 ಪುಟ ಎಂದರೆ ಇಂಕಿಗೆ 26,400 ರೂಪಾಯಿ, ಟೋನರ್‌ಗೆ 1,100ರ ಆಸುಪಾಸು. ಕಾಗದದ ಖರ್ಚು ಎರಡಕ್ಕೂ ಒಂದೇ. ಮಕ್ಕಳಿಗೆ ಪಾಠ ಹೇಳುವ ಮನೆಯಲ್ಲಿ ಇದು ಸಣ್ಣ ಅಂತರವಲ್ಲ.

ದಾರಿ ಹೀಗೆ: ಹಳೆಯ ಡೆಸ್ಕ್‌ಟಾಪನ್ನು ಪ್ರಿಂಟರ್‌ನ ದುಭಾಷಿಯಾಗಿ ಇಟ್ಟುಕೊಳ್ಳಿ. ಅದು ಎಷ್ಟು ಬಿಟ್, ರ್‍ಯಾಮ್ ಎಷ್ಟು?

ಶರಾವತಿ ದಡ:

64-ಬಿಟ್, 4 ಜಿಬಿ. ನಿಮ್ಮ ಮಾತು ಓದಿದ ಕೂಡಲೇ ವಿಂಡೋಸ್ 7ರಲ್ಲಿಯೇ ಪ್ರಿಂಟರನ್ನು ‘ಶೇರ್’ ಮಾಡಿ ನೋಡಿದೆ. ಲ್ಯಾಪ್‌ಟಾಪ್ ಮತ್ತೆ ಡ್ರೈವರ್ ಬೇಕು ಎಂದೇ ಕೇಳುತ್ತಿದೆ.

ರಿಪೇರಿ ಮೇಜು:

ಕೇಳಿಯೇ ಕೇಳುತ್ತದೆ. ವಿಂಡೋಸ್‌ನ ಆ ಹಂಚಿಕೆಯಲ್ಲಿ ಚುಕ್ಕೆ ಬಿಡಿಸುವ ಕೆಲಸಕ್ಕೆ ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಅದೇ ಡ್ರೈವರ್ ಇರಬೇಕು. ಅಲ್ಲದೆ ವಿಂಡೋಸ್ 7ಕ್ಕೆ ಭದ್ರತಾ ಪರಿಷ್ಕರಣೆ ನಿಂತದ್ದು 2020ರ ಜನವರಿಯಲ್ಲಿ. ಅದನ್ನು ಮನೆಯ ಜಾಲದಲ್ಲಿ ಸದಾ ತೆರೆದಿಡುವುದು ನನಗೆ ಸರಿ ಕಾಣುವುದಿಲ್ಲ.

ಕಡತಗಳನ್ನೆಲ್ಲ ಪೆನ್‌ಡ್ರೈವ್‌ಗೆ ನಕಲಿಸಿಕೊಂಡು ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಬದಲು ಡೆಬಿಯನ್ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಹಾಕಿ. ಲಿನಕ್ಸ್‌ನಲ್ಲಿ ಮುದ್ರಣವನ್ನು ನೋಡಿಕೊಳ್ಳುವುದು ಕಪ್ಸ್ ಎಂಬ ವ್ಯವಸ್ಥೆ. ಲ್ಯಾಪ್‌ಟಾಪ್ ಪುಟವನ್ನು ಪುಟವಾಗಿಯೇ ಕಳಿಸುತ್ತದೆ, ಅದನ್ನು ನಿಮ್ಮ ಪ್ರಿಂಟರ್‌ನ ಚುಕ್ಕೆ ಭಾಷೆಗೆ ತಿರುಗಿಸುವ ಕೆಲಸ ಡೆಸ್ಕ್‌ಟಾಪ್‌ನಲ್ಲಿ ನಡೆಯುತ್ತದೆ. ನಿಮ್ಮ ಮಾದರಿಗೆ ಫೂ2ಜೆಡ್‌ಜೆಎಸ್ ಎಂಬ ಮುಕ್ತ ಡ್ರೈವರ್ ಇದೆ, ಡೆಬಿಯನ್‌ನ ತಂತ್ರಾಂಶ ಭಂಡಾರದಲ್ಲೇ ಸಿಗುತ್ತದೆ. ಅದನ್ನು ಹಾಕಿಕೊಂಡು, ಡೆಸ್ಕ್‌ಟಾಪ್‌ನ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್, ಕೋಲನ್, 631 ಎಂದು ಹೊಡೆದರೆ ಕಪ್ಸ್ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಪ್ರಿಂಟರನ್ನು ಸೇರಿಸಿ, ಹಂಚಿಕೆಗೆ ಗುರುತು ಹಾಕಿ.

ಇನ್ನೆರಡು ಮಾತು. ರೌಟರ್‌ನಲ್ಲಿ ಡೆಸ್ಕ್‌ಟಾಪ್‌ಗೆ ಒಂದು ಐಪಿ ವಿಳಾಸವನ್ನು (ಮನೆಯ ಜಾಲದಲ್ಲಿ ಅದರ ಗುರುತಿನ ಸಂಖ್ಯೆ) ಕಾಯ್ದಿರಿಸಿ. ಇಲ್ಲದಿದ್ದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಿ, ಪ್ರಿಂಟರ್ ಸರಿಯಿದ್ದೂ ‘ಆಫ್‌ಲೈನ್’ ಎಂದು ಕಾಣಿಸೀತು. ಮಳೆಗಾಲದ ಸಾಗರದಲ್ಲಿ ಕರೆಂಟಿನ ಕಥೆ ನಿಮಗೇ ಗೊತ್ತು. ಡೆಸ್ಕ್‌ಟಾಪನ್ನು ಯುಪಿಎಸ್‌ಗೆ ಹಾಕಿ, ಆದರೆ ಲೇಸರ್ ಪ್ರಿಂಟರನ್ನು ಖಂಡಿತ ಹಾಕಬೇಡಿ. ಟೋನರನ್ನು ಕಾಗದಕ್ಕೆ ಬೇಯಿಸಿ ಅಂಟಿಸುವ ಫ್ಯೂಸರ್ ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ವಿದ್ಯುತ್ತನ್ನು ಮನೆಯ ಸಣ್ಣ ಯುಪಿಎಸ್ ತಾಳುವುದಿಲ್ಲ.

ಅಡಿಕೆ ಚಪ್ಪರ:

ನನ್ನ ಸಲಹೆ ಉಪಯೋಗಕ್ಕೆ ಬರಲಿಲ್ಲ, ಆದರೆ ನಾನು ಕಲಿತೆ. ಇಂಕಿನ ಬಗ್ಗೆ ಒಂದು ಮಾತು ಸೇರಿಸಲೇ? ನಮ್ಮಲ್ಲಿ ಟ್ಯಾಂಕ್ ಪ್ರಿಂಟರ್ ಇದೆ, ಫೋಟೋ ಬೇಕಾಗುತ್ತದೆ ಎಂದು ತಂದದ್ದು. 65 ಮಿ.ಲೀ. ಕಪ್ಪು ಬಾಟಲಿಗೆ 4,500 ಪುಟ ಎಂದು ಹೇಳುತ್ತಾರೆ. ಪುಟದ ಲೆಕ್ಕದಲ್ಲಿ ಅದೂ ಅಗ್ಗವೇ. ಆದರೆ ವಾರಕ್ಕೊಂದು ಬಣ್ಣದ ಪುಟವನ್ನಾದರೂ ತೆಗೆಯುತ್ತಿರಬೇಕು. ಆರಿಸುವಾಗ ಪ್ರಿಂಟರ್‌ನದೇ ಗುಂಡಿ ಒತ್ತಿ ಆರಿಸಬೇಕು, ಆಗ ಹೆಡ್ ತನ್ನ ಮುಚ್ಚಳದೊಳಗೆ ಹೋಗಿ ಕೂರುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಕೆಲವು ಸಲ ಹೆಡ್ ಬಯಲಲ್ಲೇ ಉಳಿದು ಒಣಗುತ್ತದೆ. ಮತ್ತೆ ಮತ್ತೆ ಹೆಡ್ ಕ್ಲೀನಿಂಗ್ ಮಾಡಿದರೆ ಆ ಇಂಕೆಲ್ಲ ಕೆಳಗಿನ ಪ್ಯಾಡ್ ಸೇರುತ್ತದೆ, ಪ್ಯಾಡ್ ತುಂಬಿತೆಂದು ಲೆಕ್ಕವಾದ ದಿನ ಪ್ರಿಂಟರ್ ನಿಂತೇ ಬಿಡುತ್ತದೆ. ಎರಡು ತಿಂಗಳು ರಜೆ ಬರುವ ನಿಮ್ಮ ಮನೆಗೆ ಲೇಸರೇ ಸರಿ.

ಶರಾವತಿ ದಡ:

ಡೆಬಿಯನ್ ಹಾಕಲು ಶನಿವಾರ ಇಡೀ ಮಧ್ಯಾಹ್ನ ಹಿಡಿಯಿತು. ಕಪ್ಸ್ ಪುಟದಲ್ಲಿ ಪ್ರಿಂಟರ್ ಕಾಣಿಸಿತು, ಡ್ರೈವರ್ ಆರಿಸಿದೆ. ಪರೀಕ್ಷಾ ಪುಟ ಕಳಿಸಿದರೆ ‘ಪೂರ್ಣಗೊಂಡಿದೆ’ ಎನ್ನುತ್ತದೆ, ಹಾಳೆ ಮಾತ್ರ ಅಲುಗುವುದಿಲ್ಲ. ಹಸಿರು ದೀಪವೂ ಮಿನುಗುವುದಿಲ್ಲ. ಮೂರು ಸಲ ಆರಿಸಿ ಹಚ್ಚಿದೆ. ನಾಳೆ ಹತ್ತನೆಯ ತರಗತಿಗೆ ಪರೀಕ್ಷೆ ಇಟ್ಟಿದ್ದೇನೆ, ತುಂಬ ಆತಂಕವಾಗಿದೆ.

ರಿಪೇರಿ ಮೇಜು:

ಹೆದರಬೇಡಿ, ಇದು ಫರ್ಮ್‌ವೇರ್ ತಲುಪದ ಲಕ್ಷಣ. ಭಂಡಾರದ ಡ್ರೈವರ್ ಜೊತೆಗೆ ಆ ಕಡತ ಬರುವುದಿಲ್ಲ, ಅದರ ಹಕ್ಕು ತಯಾರಕರದು. ಡ್ರೈವರ್ ಜೊತೆ ಬಂದಿರುವ ‘ಗೆಟ್‌ವೆಬ್’ ಎಂಬ ಆದೇಶಕ್ಕೆ ನಿಮ್ಮ ಮಾದರಿ ಸಂಖ್ಯೆ ಕೊಟ್ಟರೆ ಫರ್ಮ್‌ವೇರನ್ನು ಇಳಿಸಿಕೊಳ್ಳುತ್ತದೆ. ಬಳಿಕ ಪ್ರಿಂಟರನ್ನು ಒಮ್ಮೆ ಆರಿಸಿ ಹಚ್ಚಿ. ಹಚ್ಚಿದಾಗ ಡೆಬಿಯನ್ ತಾನಾಗಿ ಅದನ್ನು ತುಂಬಿಸುತ್ತದೆ. ರೋಲರ್ ಒಂದು ಸುತ್ತು ತಿರುಗುವ ಸದ್ದು ಕೇಳಿಸಿದರೆ ಸರಿಯಾಯಿತು ಎಂದು ಅರ್ಥ. ರಾತ್ರಿ ಹನ್ನೊಂದರವರೆಗೆ ನಾನು ಇಲ್ಲಿಯೇ ಇರುತ್ತೇನೆ, ಬರೆಯಿರಿ.

ಶರಾವತಿ ದಡ:

ಸರ್, ಸದ್ದು ಕೇಳಿಸಿತು! ಪರೀಕ್ಷಾ ಪುಟ ಬಂತು. ಲ್ಯಾಪ್‌ಟಾಪ್‌ನಲ್ಲಿ ಪ್ರಿಂಟರ್ ಸೇರಿಸುವಾಗ ಪಟ್ಟಿಯಲ್ಲಿ ಡೆಸ್ಕ್‌ಟಾಪ್‌ನ ಹೆಸರು ತಾನೇ ಕಾಣಿಸಿತು, ವಿಂಡೋಸ್‌ನಲ್ಲೇ ಇರುವ ‘ಮೈಕ್ರೋಸಾಫ್ಟ್ ಐಪಿಪಿ ಕ್ಲಾಸ್ ಡ್ರೈವರ್’ ಬಳಸಿ ತಾನೇ ಕೂಡಿಕೊಂಡಿತು. ಮೊಬೈಲಿನಿಂದಲೂ ಒಂದು ಪುಟ ತೆಗೆದೆ. 2011ರ ಪ್ರಿಂಟರ್ ಮೊಬೈಲಿನಿಂದ ಮುದ್ರಿಸುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ತಂದೆಯವರಿದ್ದಿದ್ದರೆ ತುಂಬ ಸಂತೋಷಪಡುತ್ತಿದ್ದರು.

ಒಂದೇ ಒಂದು ತೊಡಕು ಉಳಿದಿದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಮುದ್ರಿಸಿದರೂ ಹಾಗೆಯೇ. ಇದೂ ಡ್ರೈವರ್ ತೊಂದರೆಯೇ?

ರಿಪೇರಿ ಮೇಜು:

ಅಲ್ಲ. ತೆರೆಯ ಮೇಲೆಯೇ ಹಾಗಿದ್ದರೆ ಪ್ರಿಂಟರ್‌ಗೂ ಅದಕ್ಕೂ ಸಂಬಂಧವಿಲ್ಲ. ಆ ಕಡತಗಳನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಬೆರಳಚ್ಚು ಮಾಡಿರಬೇಕು, ಎಲ್ಲ ಯಂತ್ರಗಳಿಗೂ ಒಂದೇ ಆದ ಯೂನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿ ಅಲ್ಲ. ಆ ಫಾಂಟ್ ಹೊಸ ಯಂತ್ರದಲ್ಲಿಲ್ಲ. ಪೆನ್‌ಡ್ರೈವ್‌ಗೆ ನಕಲಿಸಿದ್ದರಲ್ಲಿ ನುಡಿ 01 ಇ ಎಂಬ ಫಾಂಟ್ ಕಡತ ಇದ್ದರೆ ಅದನ್ನು ಲ್ಯಾಪ್‌ಟಾಪ್‌ನಲ್ಲಿ ಸ್ಥಾಪಿಸಿ. ಫಾಂಟ್‌ಗೆ ಪ್ರೊಸೆಸರ್‌ನ ಹಂಗಿಲ್ಲ. ಬಿಡುವಾದಾಗ ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ, ಮುಂದಿನ ಯಂತ್ರ ಬದಲಿಸುವಾಗ ಇದೇ ಗೋಳು ಬೇಡ.

ಟೋನರ್ ರೀಫಿಲ್ ಮಾಡಿಸುವಾಗ ಹಳೆಯ ಕಸದ ಪುಡಿಯನ್ನೂ ತೆಗೆಯಲು ಹೇಳಿ. ಮುದ್ರಿಸಿದ ಹಾಳೆಯಲ್ಲಿ ಸುಮಾರು ಏಳೂವರೆ ಸೆಂಟಿಮೀಟರಿಗೊಮ್ಮೆ ಅದೇ ಚುಕ್ಕೆ ಮರುಕಳಿಸಿದರೆ ಕಾರ್ಟ್ರಿಡ್ಜ್ ಒಳಗಿನ ಡ್ರಮ್ (ಪುಟದ ಚಿತ್ರ ಮೂಡುವ ಉರುಳೆ) ಸವೆದಿದೆ ಎಂದು ತಿಳಿಯಿರಿ, ಆಗ ರೀಫಿಲ್ ಬೇಡ, ಬೇರೆ ಕಾರ್ಟ್ರಿಡ್ಜ್ ತೆಗೆದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದವನ್ನು ಟ್ರೇಯಲ್ಲಿ ಬಿಡದೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಸುತ್ತಿಡಿ. ತೇವ ಹಿಡಿದ ಹಾಳೆ ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ.

ಮುಂದೆಂದಾದರೂ ಹೊಸದನ್ನು ಕೊಳ್ಳುವುದಾದರೆ ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಅಥವಾ ಮೊಪ್ರಿಯಾ ಗುರುತು ಇದೆಯೇ ನೋಡಿ. ಅಂಥವಕ್ಕೆ ಕಂಪನಿಯ ಡ್ರೈವರ್ ಬೇಡ. ಕಂಪನಿಗಳ ಡ್ರೈವರ್‌ಗಳನ್ನು ವಿಂಡೋಸ್ ಮೂಲಕ ಹಂಚುವುದನ್ನು ಹಂತಹಂತವಾಗಿ ಕಡಿಮೆ ಮಾಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ.

ಕೆಂಪು ಹಂಚು:

ಓದುತ್ತಾ ಬಂದೆ, ನನ್ನಲ್ಲೂ ಅದೇ ಮಾದರಿ ಇದೆ. ಆದರೆ ಹಳೆಯ ಕಂಪ್ಯೂಟರ್ 32-ಬಿಟ್. ಸಾಧ್ಯವೇ?

ರಿಪೇರಿ ಮೇಜು:

ಸಾಧ್ಯ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32-ಬಿಟ್ ಪಿಸಿಗಳಿಗೆ ಸ್ಥಾಪಕ ಇಲ್ಲ, ನೀವು ಡೆಬಿಯನ್ 12ನ್ನು ಇಳಿಸಿಕೊಳ್ಳಿ. ಉಳಿದದ್ದೆಲ್ಲ ಮೇಡಂ ಮಾಡಿದ ಹಾಗೆಯೇ. ಗೆಟ್‌ವೆಬ್ ಮಾತ್ರ ಮರೆಯಬೇಡಿ.

ಶರಾವತಿ ದಡ:

ನುಡಿ ಫಾಂಟ್ ಹಾಕಿದೆ, ಕನ್ನಡ ಸರಿಯಾಗಿ ಬಂತು. ನಾಳೆಯ ಪರೀಕ್ಷೆಗೆ 36 ಪುಟ ಮುದ್ರಿಸಿ ಮೇಜಿನ ಮೇಲೆ ಇಟ್ಟಿದ್ದೇನೆ. ಕೆಂಪು ಹಂಚಿನವರೇ, ನಾನು ಗೆಟ್‌ವೆಬ್‌ಗೆ ಕೊಟ್ಟ ಆದೇಶವನ್ನು ಬರೆದಿಟ್ಟುಕೊಂಡಿದ್ದೇನೆ. ಬೆಳಿಗ್ಗೆ ಅದರ ಚಿತ್ರವನ್ನು ಇಲ್ಲಿ ಹಾಕುತ್ತೇನೆ.