ಸಹಾಯ ಬೇಕು: ಕ್ರಿಮಿನಾಲಜಿ ಓದಿದ ತಂಗಿಗೆ ಮುಂದೇನು?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಧಾರವಾಡದಲ್ಲಿ ಬಿ.ಎ. ಮುಗಿಸಿದ್ದಾಳೆ. ಕ್ರಿಮಿನಾಲಜಿ, ಅಂದರೆ ಅಪರಾಧ ಶಾಸ್ತ್ರ, ಅವಳ ಮುಖ್ಯ ವಿಷಯ. ಮನೆಗೆ ಬಂದವರೆಲ್ಲ "ಹಾಗಾದ್ರೆ ಪಿಎಸ್‌ಐ ಆಗ್ತೀಯಾ?" ಅಂತಲೇ ಕೇಳುತ್ತಾರೆ. ಅವಳಿಗೆ ಖಾಕಿ ಆಸೆ ಇಲ್ಲ. ಆ ಪರೀಕ್ಷೆಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ, ಅದಕ್ಕಾಗಿ ಇದನ್ನೇ ಓದಬೇಕಿರಲಿಲ್ಲ ಅಲ್ವಾ?

2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅನ್ನೋ ಕಾನೂನು ಬಂದಿದೆ. 7 ವರ್ಷ ಅಥವಾ ಜಾಸ್ತಿ ಶಿಕ್ಷೆಯ ಕೇಸುಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಬೇಕು ಅಂತ ಅದರಲ್ಲಿದೆ. ಓದಿ ಖುಷಿಪಟ್ಟೆವು. ಆಮೇಲೆ ನೋಡಿದರೆ ಲ್ಯಾಬ್ ಕೆಲಸಕ್ಕೆ ಸಾಮಾನ್ಯವಾಗಿ ವಿಜ್ಞಾನದ ಪದವಿಯೇ ಬೇಕು. ಇವಳದ್ದು ಆರ್ಟ್ಸ್.

ಅವಳ ಮನಸ್ಸಿರುವುದು ಮಕ್ಕಳ ಕೇಸುಗಳ ಕಡೆಗೆ. ಬಾಲ ನ್ಯಾಯ ಮಂಡಳಿಗೆ ಮಗುವಿನ ಮನೆ, ಶಾಲೆ, ಸಹವಾಸ ವಿಚಾರಿಸಿ ವರದಿ ಕೊಡುವ ಪ್ರೊಬೇಷನ್ ಅಧಿಕಾರಿಗಳಿರುತ್ತಾರಲ್ಲ, ಆ ಕೆಲಸ. ಅದಕ್ಕೆ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಒಳ್ಳೆಯದಾ, ಕ್ರಿಮಿನಾಲಜಿಯಲ್ಲೇ ಎಂ.ಎ. ಸಾಕಾ? ಗುತ್ತಿಗೆ ಮೇಲೆ ಸೇರಿದರೆ ಮುಂದೆ ಕಾಯಂ ಆಗುವ ದಾರಿ ಇದೆಯಾ?

ಬ್ಯಾಂಕಿನ ವಂಚನೆ ತಡೆ ವಿಭಾಗದಲ್ಲಿ ಇರುವವರೂ ಹೇಳಿ, ಅಪ್ಪನಿಗೆ ಅದೇ ಇಷ್ಟ. ಸುಮ್ನೆ "ಐಎಎಸ್ ಮಾಡಿಸಿ" ಅನ್ನಬೇಡಿ ದಯವಿಟ್ಟು!